ಅರ್ಜಿ ಓಡಾಡುವಷ್ಟರಲ್ಲಿ ಕಾಂಗ್ರೆಸ್ ಗಿಡ ಬೀಜ ಉದುರಿಸಿತ್ತು

ಹೋದ ವರ್ಷದ ಜೂನ್ ಮೊದಲ ವಾರ. ಎರಡು ಹದ ಮಳೆ ಬಿದ್ದು ನಮ್ಮ ತುಮಕೂರು ಜಿಲ್ಲೆಯ ಕಡೆ ಹೊಲಗಳಲ್ಲಿ ಉಳುಮೆ ಶುರುವಾಗಿತ್ತು. ನನ್ನ ಮೂರೂವರೆ ಎಕರೆಗೆ ಪಡುವಣ ದಿಕ್ಕಿನಲ್ಲಿ ಒಂದು ಖಾಲಿ ಜಮೀನಿದೆ, ನಾಲ್ಕು ಎಕರೆ. ಬೆಂಗಳೂರಿನವರೊಬ್ಬರು ಆರು ವರ್ಷದ ಹಿಂದೆ ಕೊಂಡು, ಕಲ್ಲುಕಂಬ ನೆಟ್ಟು, ತಂತಿ ಎಳೆಸಿ, ಗೇಟಿಗೆ ಬೀಗ ಜಡಿದು ಹೋದರು. ಅಲ್ಲಿಂದೀಚೆಗೆ ಅದರೊಳಗೆ ಬೆಳೆದಿರುವುದು ಒಂದೇ ಬೆಳೆ, ಪಾರ್ಥೇನಿಯಂ. ನಮ್ಮೂರ ಬಾಯಲ್ಲಿ ಕಾಂಗ್ರೆಸ್ ಗಿಡ. ಮುಂಗಾರಿನಲ್ಲಿ ಗಾಳಿ ಬೀಸುವುದೂ ಪಡುವಣದಿಂದಲೇ. ಅಲ್ಲಿ ಉದುರಿದ ಬೀಜಕ್ಕೆ ನನ್ನ ಟೊಮೆಟೊ ಮಡಿಯೇ ಮೊದಲ ನಿಲ್ದಾಣ.

ನಾನು ಸಾವಯವದವನು, ಕಳೆನಾಶಕ ಹೊಡೆಯುವ ಹಾಗಿಲ್ಲ. ಪ್ರತಿ ವರ್ಷ ಆ ಬದುವಿನ ಪಕ್ಕದ ಹತ್ತು ಸಾಲನ್ನು ಕೈಯಲ್ಲೇ ಕೀಳಿಸಬೇಕು. ಮೂರು ವರ್ಷದ ಹಿಂದೆ ಹೀಗೇ ಕೀಳುವಾಗ ಅಮ್ಮನ ಮುಂಗೈ ಮೇಲೆ, ಕತ್ತಿನ ಸುತ್ತ ಕೆಂಪು ದದ್ದು ಎದ್ದವು. ಚರ್ಮದ ಡಾಕ್ಟರು ನೋಡಿ, "ಇನ್ನು ಆ ಗಿಡ ಮುಟ್ಟಬೇಡಿ, ಹೂ ಬಿಟ್ಟಿರೋ ಟೈಮಲ್ಲಿ ಹೊಲದ ಕಡೆಗೂ ಹೋಗಬೇಡಿ" ಅಂದರು. ನಲವತ್ತು ವರ್ಷ ಹೊಲದಲ್ಲೇ ಬದುಕಿದ ಹೆಂಗಸಿಗೆ ಹೊಲಕ್ಕೆ ಹೋಗಬೇಡ ಅನ್ನುವುದು ಎಂಥ ಮಾತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆ ಜೂನ್‌ನಲ್ಲಿ ತಂತಿಬೇಲಿಯ ಆಚೆ ಹೊಸ ಸಸಿಗಳು ಹಾಸಿಕೊಂಡು ಮೇಲೇಳುತ್ತಿದ್ದುದು ಕಂಡಾಗ ಕಾಲೇಜಿನ ಪಾಠ ನೆನಪಾಯಿತು. ಕೀಟಶಾಸ್ತ್ರದ ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆಗೆ ಅಂತ ಒಂದಷ್ಟು ಕಾಯ್ದೆಗಳ ಹೆಸರು ಬಾಯಿಪಾಠ ಮಾಡಿದ್ದೆ. ಅದರಲ್ಲೊಂದು, ಪಾರ್ಥೇನಿಯಂ ಬೆಳೆಯಲು ಬಿಡುವುದು ಕರ್ನಾಟಕದಲ್ಲಿ ಕಾನೂನಿಗೆ ವಿರುದ್ಧ. ಇಷ್ಟು ದಿನ ಇದು ನನಗೆ ಹೊಳೆಯಲೇ ಇಲ್ಲವಲ್ಲ ಅಂತ ನನ್ನ ತಲೆಗೆ ನಾನೇ ಮೊಟಕಿಕೊಂಡು, ಅವತ್ತೇ ರಾತ್ರಿ ಕೂತು ಒಂದು ಅರ್ಜಿ ಬರೆದೆ.

ಐವತ್ತು ವರ್ಷದ ಹಳೇ ಆದೇಶ

ಆ ಕಾಯ್ದೆಯ ಹೆಸರು ಕರ್ನಾಟಕ ಕೃಷಿ ಪೀಡೆಗಳು ಮತ್ತು ರೋಗಗಳ ಅಧಿನಿಯಮ, 1968. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಇಂಥ ಕಾಯ್ದೆ ಮಾಡಿದವರಲ್ಲಿ ನಾವೇ ಮೊದಲಿಗರಲ್ಲ. ಹೊರದೇಶದಿಂದ ಕೀಟ, ರೋಗ ಒಳಗೆ ಬರದಂತೆ ಬಂದರಿನಲ್ಲೇ ತಡೆಯಬೇಕು ಅಂತ ಬ್ರಿಟಿಷರು 1914ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ ಮಾಡಿದ್ದರು. ಒಳಗೆ ಬಂದು ಬಿಟ್ಟದ್ದನ್ನು ಏನು ಮಾಡುವುದು? ಅದಕ್ಕೆ ಪ್ರಾಂತ್ಯಗಳ ಮಟ್ಟದಲ್ಲಿ ಮೊದಲು ಕಾಯ್ದೆ ತಂದದ್ದು ಮದ್ರಾಸ್, 1919ರಲ್ಲಿ. ಆಗ ನಮ್ಮ ಮಂಗಳೂರು ಕಡೆಯೂ ಮದ್ರಾಸಿಗೇ ಸೇರಿತ್ತು. ಹಾಗಾಗಿ ಕರಾವಳಿಯ ರೈತರಿಗೆ ಇದು ನಮಗಿಂತ ಅರ್ಧ ಶತಮಾನ ಹಳೇ ಸಂಗತಿ.

ಕಾಯ್ದೆಯ ಹೂರಣ ಸರಳ. ಯಾವುದಾದರೂ ಕೀಟ, ರೋಗ, ಪರಾವಲಂಬಿ ಗಿಡ ಅಥವಾ ಕಳೆಯಿಂದ ಬೆಳೆಗೆ ಅಪಾಯ ಅಂತ ಕಂಡರೆ ಸರ್ಕಾರ ಅಧಿಸೂಚನೆ ಹೊರಡಿಸಿ ಅದನ್ನು ಪೀಡೆ ಅಂತ ಘೋಷಿಸಬಹುದು. ಯಾವ ಪ್ರದೇಶದಲ್ಲಿ, ಏನೇನು ಕ್ರಮ ತಗೋಬೇಕು ಅಂತ ಹೇಳಬಹುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಿಡ, ಗೊಬ್ಬರದಂಥದ್ದನ್ನು ಸಾಗಿಸುವುದಕ್ಕೂ ತಡೆ ಹಾಕಬಹುದು. ಜಮೀನು ಯಾರ ಅನುಭವದಲ್ಲಿದೆಯೋ ಅವರು ಆ ಕ್ರಮ ತಗೋಬೇಕು. ತಗೊಳ್ಳದಿದ್ದರೆ ಅಧಿಕಾರಿ ಜಮೀನಿಗೆ ಬಂದು ನೋಡಿ ನೋಟಿಸ್ ಕೊಡಬಹುದು. ಅದಕ್ಕೂ ಜಗ್ಗದಿದ್ದರೆ ಇಲಾಖೆಯೇ ಮಾಡಿಸಿ ಖರ್ಚನ್ನು ಆ ಜಮೀನಿನವರಿಂದ ವಸೂಲಿ ಮಾಡಬಹುದು.

1975ರಲ್ಲಿ ಈ ಕಾಯ್ದೆಯ ಅಡಿಯಲ್ಲೇ ಪಾರ್ಥೇನಿಯಂ ಅನ್ನು ಹಾನಿಕಾರಕ ಕಳೆ ಅಂತ ಕರ್ನಾಟಕ ಘೋಷಿಸಿತು. ನಾನು ಹುಟ್ಟುವ ಮುಂಚಿನ ಮಾತು. ಪುಣೆಯಲ್ಲಿ 1955-56ರ ಹೊತ್ತಿಗೆ ಕಣ್ಣಿಗೆ ಬಿದ್ದ ಗಿಡ ಇಪ್ಪತ್ತೇ ವರ್ಷದಲ್ಲಿ ಒಂದು ರಾಜ್ಯ ಸರ್ಕಾರ ಆದೇಶ ಹೊರಡಿಸುವಷ್ಟು ಹಬ್ಬಿತ್ತು ಅಂದರೆ ಅದರ ಓಟ ಎಂಥದ್ದು ನೋಡಿ. ಅಮೆರಿಕದಿಂದ ಪಿಎಲ್ 480 ಯೋಜನೆಯಲ್ಲಿ ತರಿಸಿದ ಗೋಧಿಯ ಜತೆ ಬಂತು ಅನ್ನುವುದು ಎಲ್ಲರೂ ಹೇಳುವ ಕಥೆ. ಕಾಂಗ್ರೆಸ್ ಗಿಡ ಅನ್ನುವ ಹೆಸರಿಗೂ ಅದನ್ನೇ ಕಾರಣ ಕೊಡುವವರಿದ್ದಾರೆ. ಬಿಳಿ ಹೂವು ಬಿಳಿ ಟೋಪಿ ಇಟ್ಟ ಹಾಗೆ ಕಾಣುತ್ತೆ, ಅದಕ್ಕೇ ಆ ಹೆಸರು ಅನ್ನುವವರೂ ಇದ್ದಾರೆ. ಚುನಾವಣೆ ಟೈಮಲ್ಲಿ ನಮ್ಮೂರಲ್ಲಿ ಈ ಹೆಸರು ಹಿಡಿದು ನಡೆಯುವ ತಮಾಷೆಗಳನ್ನೆಲ್ಲ ಇಲ್ಲಿ ಬರೆಯೋಕಾಗಲ್ಲ ಬಿಡಿ.

ಅಂತೂ ನನ್ನ ಕೈಯಲ್ಲಿ ಕಾನೂನಿತ್ತು. ಫೋನಿನ ದಿಶಾಂಕ್ ಆ್ಯಪ್ ತೆರೆದು ಬೇಲಿ ಪಕ್ಕ ನಿಂತೆ, ಆ ಜಮೀನಿನ ಸರ್ವೆ ನಂಬರ್ ಸಿಕ್ಕಿತು. ಅದೇ ನಂಬರ್ ಹಾಕಿ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿದೆ, ಮಾಲೀಕರ ಹೆಸರು ಸಿಕ್ಕಿತು. ನಾಲ್ಕು ಫೋಟೊ ಅಂಟಿಸಿ, ಅಧಿಸೂಚನೆಯ ವರ್ಷ ಬರೆದು, ಜೂನ್ 9ಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡು ಬಂದೆ. ಒಳಗೊಳಗೇ ಏನೋ ದೊಡ್ಡ ಕೆಲಸ ಮಾಡಿದ ಖುಷಿ.

ಗಿಡದ ಕ್ಯಾಲೆಂಡರ್, ಕಡತದ ಕ್ಯಾಲೆಂಡರ್

ಈಗ ಗಿಡದ ಲೆಕ್ಕ ಕೇಳಿ. ಪಾರ್ಥೇನಿಯಂ ಬೀಜಕ್ಕೆ ತೇವ ಸಿಕ್ಕರೆ ಸಾಕು, ಮೊಳೆಯುತ್ತದೆ. ಮೊದಲ ಕೆಲವು ವಾರ ಎಲೆಗಳು ನೆಲಕ್ಕೆ ಒತ್ತಿಕೊಂಡು ಚಕ್ರದ ಹಾಗೆ ಹರಡುತ್ತವೆ, ಥೇಟ್ ಕ್ಯಾರೆಟ್ ಸಸಿ. ಆಮೇಲೆ ಒಮ್ಮೆಲೇ ದಂಟು ಮೇಲೇಳುತ್ತದೆ. ಮೊಳೆತು ನಾಲ್ಕರಿಂದ ಆರು ವಾರಕ್ಕೆ ಹೂವು. ಚೆನ್ನಾಗಿ ಬೆಳೆದ ಒಂದು ಗಿಡ 15,000ದಿಂದ 25,000 ಬೀಜ ಕೊಡುತ್ತದೆ. ತೇವ ಇದ್ದರೆ ವರ್ಷದಲ್ಲಿ ಮೂರು ನಾಲ್ಕು ತಲೆಮಾರು ಮುಗಿಸಿಬಿಡುತ್ತದೆ. ಮಣ್ಣಿನ ಮೇಲೆ ಬಿದ್ದ ಬೀಜ ಬೇಗ ಮೊಳೆತು ಅಥವಾ ಸತ್ತು ಖಾಲಿಯಾಗುತ್ತದೆ. ಆದರೆ ಉಳುಮೆಯಲ್ಲಿ ಆಳಕ್ಕೆ ಹೂತುಹೋದದ್ದು ವರ್ಷಗಟ್ಟಲೆ ಜೀವ ಹಿಡಿದುಕೊಂಡು ಕಾಯುತ್ತದೆ.

ಇನ್ನು ಕಡತದ ಲೆಕ್ಕ. ಜೂನ್ 9ಕ್ಕೆ ಕೊಟ್ಟ ಅರ್ಜಿ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗುವಷ್ಟರಲ್ಲಿ ಬಿತ್ತನೆ ಬೀಜ ಹಂಚುವ ಗಡಿಬಿಡಿ ಶುರುವಾಯಿತು. ಆಮೇಲೆ "ಇದು ನಮಗೆ ಬರಲ್ಲ, ಪಂಚಾಯ್ತಿಗೆ ಕೊಡಿ" ಅಂದರು. ಅಲ್ಲಿ "ಇದು ಕೃಷಿಯವರದ್ದು" ಅಂದರು. ನಾನು ಕಾಯ್ದೆಯ ಹೆಸರು ಹೇಳಿದಾಗ ಒಬ್ಬರು ನಿಜಕ್ಕೂ ಆಸಕ್ತಿಯಿಂದ ಬರೆದುಕೊಂಡರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಐವತ್ತು ವರ್ಷದಲ್ಲಿ ಈ ಕಾಯ್ದೆ ಹಿಡಿದುಕೊಂಡು ಆ ಬಾಗಿಲು ತಟ್ಟಿದವನು ನಾನೇ ಮೊದಲಿಗನೇನೋ! ಕೊನೆಗೆ ಆಗಸ್ಟ್ ಮೊದಲ ವಾರ ಒಬ್ಬ ಯುವ ಅಧಿಕಾರಿ ಬೈಕಿನಲ್ಲಿ ಬಂದರು. ಬೇಲಿಯಾಚೆ ಸೊಂಟದೆತ್ತರ ಬೆಳೆದು, ಹೂ ಬಿಟ್ಟು, ಬುಡದ ಹೂವುಗಳು ಆಗಲೇ ಕಂದಾಗಿ ಒಣಗಿದ್ದವು. ಕೈಯಲ್ಲಿ ಒಂದು ಟೊಂಗೆ ಅಲ್ಲಾಡಿಸಿದರೆ ಬೀಜ ಪುಡಿಪುಡಿಯಾಗಿ ಉದುರುತ್ತಿತ್ತು. ಹೊಸ ಸಸಿಗಳು ಬುಡದಲ್ಲಿ ಹಸಿರು ಹಾಸಿದ್ದವು. ನನ್ನ ಅರ್ಜಿಗೆ ಅಂಟಿಸಿದ ಫೋಟೊದಲ್ಲಿದ್ದ ಗಿಡಗಳ ಮಕ್ಕಳು ಅವು.

ಅವರು ಫೋಟೊ ತಗೊಂಡರು, ನೋಟಿಸ್ ಕಳಿಸುತ್ತೇವೆ ಅಂದರು. ಹೊರಡುವಾಗ ನನ್ನ ಪಂಪ್‌ಹೌಸ್ ಹಿಂದೆ ಒಂದು ಸಲ ಇಣುಕಿ, ತುಂಬ ಮರ್ಯಾದೆಯಿಂದಲೇ ಕೇಳಿದರು: "ಸರ್, ಇದೂ ಅವರ ಜಮೀನೇನಾ?"

ಅಲ್ಲಿ ನನ್ನ ಕೊಟ್ಟಿಗೆ ಗೊಬ್ಬರದ ಗುಡ್ಡೆ ಇತ್ತು. ಫೆಬ್ರವರಿಯಲ್ಲಿ ಪಕ್ಕದ ತಾಲ್ಲೂಕಿನಿಂದ ಎರಡು ಟ್ರ್ಯಾಕ್ಟರ್ ಲೋಡ್ ಕೊಂಡು ತಂದು ಸುರಿಸಿದ್ದು, ಒಂದು ಲೋಡ್ ಹರಡಿ ಇನ್ನೊಂದನ್ನು ಹಿಂಗಾರಿಗೆ ಅಂತ ಉಳಿಸಿಕೊಂಡಿದ್ದೆ. ಅದರ ಸುತ್ತ ಎದೆಮಟ್ಟ ಕಾಂಗ್ರೆಸ್ ಗಿಡ, ಬೆಳ್ಳಗೆ ಹೂ ಬಿಟ್ಟುಕೊಂಡು ನಿಂತಿತ್ತು. ಪಂಪ್‌ಹೌಸ್ ಮೂಡಣ ದಿಕ್ಕಿನ ಮೂಲೆಯಲ್ಲಿದೆ, ಪಡುವಣದ ಬೇಲಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಅಂದರೆ ಈ ಬೀಜ ಗಾಳಿಯಲ್ಲಿ ಬಂದದ್ದಲ್ಲ. ದುಡ್ಡು ಕೊಟ್ಟು, ಬಾಡಿಗೆ ಕೊಟ್ಟು, ನಾನೇ ಕರಕೊಂಡು ಬಂದದ್ದು. ಕಾಯ್ದೆಯ ಪ್ರಕಾರ ಜಮೀನಿನ ಅನುಭವದಾರ ಅಂದರೆ ಅಲ್ಲಿ ನಾನು. ಬೆಂಗಳೂರಿನವರಿಗೆ ಯಾವ ನೋಟಿಸ್ ಬರಬೇಕೋ ಅದೇ ನೋಟಿಸ್ ನನಗೂ ಬರಬೇಕು. "ನಂದೇ ಸರ್" ಅಂದೆ. ಅವರು ನಕ್ಕು ಬೈಕ್ ಸ್ಟಾರ್ಟ್ ಮಾಡಿದರು.

ಹಾರುವ ಹುಳು, ಹಾರದ ಗಿಡ

ಆ ರಾತ್ರಿಯಿಂದ ನಾನು ಈ ಕಾಯ್ದೆಯನ್ನು ಬೇರೆ ಥರ ನೋಡೋಕೆ ಶುರು ಮಾಡಿದೆ.

ಹೊರಗಿನಿಂದ ಬಂದು ನಮ್ಮನ್ನು ಹಾಳು ಮಾಡುವ ಜೀವಿಗಳೆಲ್ಲ ಒಂದೇ ರೀತಿ ಬರುವುದಿಲ್ಲ. ಮೆಕ್ಕೆಜೋಳದ ಲದ್ದಿ ಹುಳು, ಅದೇ ಫಾಲ್ ಆರ್ಮಿವರ್ಮ್, ನಿಮಗೆಲ್ಲ ಗೊತ್ತು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳಲ್ಲಿ. ವರ್ಷ ಕಳೆಯುವಷ್ಟರಲ್ಲಿ ದೇಶದ ಬಹುತೇಕ ರಾಜ್ಯಗಳ ಜೋಳದ ಸುಳಿಯಲ್ಲಿ ಅದು ಇತ್ತು. ಅದರ ಪತಂಗ ರಾತ್ರಿಯೆಲ್ಲ ಮೈಲಿಗಟ್ಟಲೆ ಹಾರುತ್ತದೆ. ಅದರ ಮುಂದೆ ರಾಜ್ಯದ ಗಡಿ, ಚೆಕ್‌ಪೋಸ್ಟ್, ಅಧಿಸೂಚನೆ ಏನು ಮಾಡೀತು? ಅಲ್ಲಿ ನಮಗೆ ಬೇಕಾದದ್ದು ಬೇಗ ಗುರುತು ಹಿಡಿಯುವ ಕಣ್ಣು, ಬೇಗ ಹಬ್ಬುವ ಸುದ್ದಿ.

ಪಾರ್ಥೇನಿಯಂ ಹಾಗಲ್ಲ. ಗಾಳಿ, ಹರಿಯುವ ನೀರು ಒಂದಷ್ಟು ಹರಡುತ್ತವೆ, ನಿಜ. ಆದರೆ ತಾಲ್ಲೂಕಿನಿಂದ ತಾಲ್ಲೂಕಿಗೆ, ರಾಜ್ಯದಿಂದ ರಾಜ್ಯಕ್ಕೆ ಅದನ್ನು ಹೊತ್ತುಕೊಂಡು ಹೋಗುವವರು ನಾವು. ಗೊಬ್ಬರದ ಲೋಡಿನಲ್ಲಿ, ಲೇಔಟಿಗೆ ಹೊಡೆಯುವ ಮಣ್ಣಿನಲ್ಲಿ, ಜೆಸಿಬಿ ಬಕೆಟ್ಟಿನ ಸಂದಿಯಲ್ಲಿ, ಒಣ ಮೇವಿನ ಪಿಂಡಿಯಲ್ಲಿ, ನರ್ಸರಿ ಸಸಿಯ ಪಾಲಿಥಿನ್ ಚೀಲದ ಮಣ್ಣಿನಲ್ಲಿ. ರಾಗಿ ಕಟಾವಿನ ಹೊತ್ತಿಗೆ ಊರೂರು ಸುತ್ತಿಕೊಂಡು ಬರುವ ಹಾರ್ವೆಸ್ಟರ್ ಅಂತೂ ನೂರಾರು ಹೊಲದ ಕಳೆಬೀಜ ಬೆರೆಸಿ ಹಂಚುವ ಯಂತ್ರ. ಅದರ ಜರಡಿ, ಬೆಲ್ಟುಗಳ ಮೂಲೆಯಲ್ಲಿ ಒಮ್ಮೆ ಕೈ ಹಾಕಿ ನೋಡಿ.

ಇದೇ ಗಿಡ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲೂ ನಮ್ಮ ಹಾಗೇ ಹೊರಗಿನಿಂದ ಬಂತು, ಅಮೆರಿಕದ ಟೆಕ್ಸಾಸ್‌ನಿಂದ ತರಿಸಿದ ಹುಲ್ಲಿನ ಬೀಜದ ಜತೆ. ಅಲ್ಲಿನ ದನದ ಹುಲ್ಲುಗಾವಲುಗಳನ್ನು ನುಂಗಿತು. ಅವರೂ ಕಾನೂನು ಮಾಡಿದರು. 2014ರಲ್ಲಿ ಅಲ್ಲಿನ ರಾಜ್ಯ ಜೈವಿಕ ಭದ್ರತಾ ಕಾಯ್ದೆ ತಂದಿತು. ಆ ಕಾಯ್ದೆಯಲ್ಲಿ ನನಗೆ ಹಿಡಿಸಿದ್ದು, ಹೊಲದಲ್ಲಿರುವ ಗಿಡಕ್ಕೆ ಮಾತ್ರ ಅಲ್ಲ, ಅದನ್ನು ಸಾಗಿಸುವವನಿಗೂ ಹೊಣೆ ಹೊರಿಸಿದ್ದು. ನಿನ್ನ ಕೆಲಸದಿಂದ ಕಳೆ ಹರಡೋ ಅಪಾಯ ಇದ್ದರೆ ಅದನ್ನು ತಡೆಯೋಕೆ ಮಾಡಬೇಕಾದ್ದನ್ನು ನೀನು ಮಾಡಬೇಕು ಅಂತ. ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದವರು ಇನ್ನೂ ಗಟ್ಟಿ. ಕ್ವೀನ್ಸ್‌ಲ್ಯಾಂಡಿನಿಂದ ಬರುವ ಹಾರ್ವೆಸ್ಟರಿನಂಥ ಯಂತ್ರಗಳನ್ನು ತೊಳೆದು ಚೊಕ್ಕ ಮಾಡಿ, ತಪಾಸಣೆ ಆಗದೆ ಗಡಿ ದಾಟಿಸುವ ಹಾಗಿಲ್ಲ. ಅದು ದೊಡ್ಡ ದೊಡ್ಡ ಹೊಲಗಳ, ಕಡಿಮೆ ಜನರ ದೇಶ. ನಮ್ಮ ಪರಿಸ್ಥಿತಿ ಬೇರೆ ಅಂತ ಒಪ್ಪುತ್ತೇನೆ. ಆದರೆ ನಮ್ಮ 1968ರ ಕಾಯ್ದೆಯಲ್ಲೂ ಸಾಗಣೆಗೆ ತಡೆ ಹಾಕುವ ಅಧಿಕಾರ ಇದೆ. ನಾವು ಮಾತಾಡುವುದು ಮಾತ್ರ ಕಿತ್ತು ಹಾಕುವ ಬಗ್ಗೆ. ಬರದಂತೆ ತಡೆಯುವ ಬಗ್ಗೆ ಯಾರೂ ಬಾಯಿ ಬಿಡಲ್ಲ.

ಕೇಂದ್ರದ ಮಟ್ಟದಲ್ಲಿ ತಡೆಯುವ ಕೆಲಸ ಒಂದಷ್ಟು ಗಟ್ಟಿಯಾಗಿದೆ. ಹೊರದೇಶದಿಂದ ಬರುವ ಬೀಜ, ಗಿಡ, ಧಾನ್ಯಕ್ಕೆ 2003ರ ಸಸ್ಯ ಸಂಗರೋಧ ಆದೇಶ ಇದೆ. ಯಾವ ಕಳೆಯ ಬೀಜ ಇರಬಾರದು ಅಂತ ಪಟ್ಟಿಯೂ ಇದೆ. ಕಾಡಿನ ವಿಷಯಕ್ಕೆ ಬಂದರೆ 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆಗಿ, ಆಕ್ರಮಣಕಾರಿ ಪರಕೀಯ ಪ್ರಭೇದ ಅನ್ನುವ ಮಾತೇ ಮೊದಲ ಸಲ ಆ ಕಾಯ್ದೆಯೊಳಗೆ ಬಂತು. ಬಂಡೀಪುರದ ಕಡೆ ಹೋದವರು ರಸ್ತೆ ಪಕ್ಕ ಲಂಟಾನ ಪೊದೆ ಗೋಡೆ ಕಟ್ಟಿದ ಹಾಗೆ ನಿಂತಿರುವುದನ್ನು ನೋಡಿರ್ತೀರಿ, ಹಳದಿ ಹೂವಿನ ಸೆನ್ನಾ ಮರಗಳನ್ನೂ. ಇವೆರಡೂ ಕಳ್ಳತನದಿಂದ ಬಂದವಲ್ಲ. ಅಲಂಕಾರಕ್ಕೆ, ನೆರಳಿಗೆ ಅಂತ ಪ್ರೀತಿಯಿಂದ ತಂದು ನೆಟ್ಟವು. ಕೆರೆ ಮುಚ್ಚುವ ನೀರು ಹಯಸಿಂತ್ ಕೂಡ ಅದರ ನೇರಳೆ ಹೂವಿನ ಚೆಂದಕ್ಕೇ ಬಂದದ್ದು. ನಮ್ಮ ತೋಟಗಾರಿಕೆಯವರ ಕೈ ಇದರಲ್ಲಿ ಸಣ್ಣದೇನಲ್ಲ. ಈಗಲೂ ನರ್ಸರಿಗಳಲ್ಲಿ ನೆಲ ಮುಚ್ಚೋಕೆ ಅಂತ ಮಾರುವ ಸಿಂಗಪುರ ಡೈಸಿಯನ್ನು ಬಾಳೆ ತೋಟದ ಕಾಲುವೆ ಪಕ್ಕ ಬಿಟ್ಟು ಒಂದು ಮಳೆಗಾಲ ಕಳೆದು ನೋಡಿ, ಯಾರು ಯಾರನ್ನು ಮುಚ್ಚುತ್ತಾರೆ ಅಂತ.

ನಮಗೇನು ನಷ್ಟ ಅನ್ನುವವರಿಗೆ

"ಬದುವಿನ ಮೇಲೆ ಬೆಳೀತದೆ, ಬೆಳೆಯಲಿ ಬಿಡು, ದನ ಅಂತೂ ತಿನ್ನಲ್ಲ" ಅಂತ ನಮ್ಮ ದೊಡ್ಡಪ್ಪನಂಥವರು ಹೇಳುತ್ತಾರೆ. ದನ ಇಷ್ಟಪಟ್ಟು ತಿನ್ನಲ್ಲ ಅನ್ನೋದು ಸರಿ. ಬೇಸಗೆಯಲ್ಲಿ ಮೇವಿಲ್ಲದೆ ತಿಂದರೆ ಹಾಲು ಕಹಿಯಾಗುತ್ತದೆ ಅನ್ನೋದೂ ಸರಿ. ಆದರೆ ತರಕಾರಿ ಬೆಳೆಯುವವರು ಎರಡು ಸಂಗತಿ ನೆನಪಿಟ್ಟುಕೊಳ್ಳಿ.

ಒಂದು, ಅದರ ಪರಾಗ. ಟೊಮೆಟೊ, ಬದನೆ, ಬೀನ್ಸ್, ಮೆಣಸಿನ ಜಾತಿಯ ಗಿಡಗಳ ಹೂವಿನ ಮೇಲೆ ಅದು ದಟ್ಟವಾಗಿ ಬಿದ್ದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ ಅಂತ ಬೆಂಗಳೂರಿನ ಸಸ್ಯಶಾಸ್ತ್ರಜ್ಞರು 1980ರ ಹೊತ್ತಿಗೇ ತೋರಿಸಿದ್ದಾರೆ. ಎರಡನೆಯದು ಇನ್ನೂ ಕೆಟ್ಟದ್ದು. ಸೂರ್ಯಕಾಂತಿಗೆ ನೆಕ್ರೋಸಿಸ್ ರೋಗ ಬಂದು ಹೊಲಕ್ಕೆ ಹೊಲವೇ ಸುಟ್ಟ ಹಾಗಾಗಿದ್ದು 1997ರಿಂದೀಚೆಗೆ ನಮ್ಮ ಕರ್ನಾಟಕದಲ್ಲೇ ಶುರುವಾಯಿತು. ಅದರ ವೈರಸ್ ಪಾರ್ಥೇನಿಯಂ ಒಳಗೆ ಯಾವ ರೋಗಲಕ್ಷಣವೂ ಇಲ್ಲದೆ ಆರಾಮಾಗಿ ಇರುತ್ತದೆ. ಅದರ ಪರಾಗ ಮೈಗೆ ಅಂಟಿಸಿಕೊಂಡ ಥ್ರಿಪ್ಸ್ ನುಸಿ ಹಾರಿ ಬಂದು ಸೂರ್ಯಕಾಂತಿಯ ಎಲೆ ಕೆರೆದರೆ ರೋಗ ದಾಟಿತು. ಶೇಂಗಾಕ್ಕೂ ಇದೇ ವೈರಸ್ ಬರುತ್ತದೆ. ಬೆಳೆಗೆ ಏನೇನೋ ಔಷಧಿ ಹೊಡೆಯುತ್ತೀವಿ, ರೋಗದ ಮನೆ ಬದುವಿನ ಮೇಲೆ ಹೂ ಬಿಟ್ಟುಕೊಂಡು ನಿಂತಿರುತ್ತದೆ.

ಈ ವರ್ಷ ನಾನು ಮಾಡುತ್ತಿರುವುದು

ಗೊಬ್ಬರದ ಗುಡ್ಡೆಯಿಂದಲೇ ಶುರು ಮಾಡಿದೆ. ಈಗ ಹೊರಗಿನ ಗೊಬ್ಬರ ಕೊಳ್ಳುವ ಮುಂಚೆ ಆ ತಿಪ್ಪೆ ಇರುವ ಜಾಗ ನೋಡಿಕೊಂಡು ಬರುತ್ತೇನೆ. ತಿಪ್ಪೆಯ ಸುತ್ತ ಕಾಂಗ್ರೆಸ್ ಗಿಡ ಇದ್ದರೆ ಎಷ್ಟೇ ಅಗ್ಗ ಕೊಟ್ಟರೂ ಬೇಡ. ತಂದದ್ದನ್ನು ನೇರವಾಗಿ ಹೊಲಕ್ಕೆ ಹರಡದೆ ಒಂದು ಮೂಲೆಯಲ್ಲಿ ಹಾಕಿ, ನೀರು ಹೊಡೆದು, ಮೂರು ವಾರ ಕಾಯುತ್ತೇನೆ. ಏನೇನು ಮೊಳೆಯುತ್ತೋ ಮೊಳೆಯಲಿ, ಅಲ್ಲೇ ಕೀಳೋದು ಸುಲಭ. ಹಾರ್ವೆಸ್ಟರ್‌ನವರಿಗೆ ಹೊಲಕ್ಕೆ ಇಳಿಯುವ ಮುಂಚೆ ರಸ್ತೆಯ ಮೇಲೇ ನಿಲ್ಲಿಸಿ ಬ್ಲೋಯರ್‌ನಿಂದ ಊದಿಸಿ ಅಂದೆ. ಮೊದಲು ನಕ್ಕರು. ಅರ್ಧ ಗಂಟೆ ಬಾಡಿಗೆ ನಾನೇ ಕೊಡುತ್ತೀನಿ ಅಂದ ಮೇಲೆ ಒಪ್ಪಿದರು. ಉದುರಿದ್ದನ್ನು ಗುಡಿಸಿ ನೋಡಿದಾಗ ಅವರೇ "ಅಣ್ಣಾ, ಇಷ್ಟೊಂದಾ!" ಅಂದರು.

ಕೀಳುವುದಕ್ಕೆ ಒಂದೇ ಹೊತ್ತು, ಮಳೆ ಬಿದ್ದ ಮಾರನೇ ದಿನ, ಗಿಡ ಇನ್ನೂ ಕ್ಯಾರೆಟ್ ಸಸಿಯ ಹಾಗಿರುವಾಗ. ದಂಟು ಎದ್ದ ಮೇಲೆ ಕೆಲಸ ದುಪ್ಪಟ್ಟು. ಹೂ ಬಿಟ್ಟ ಮೇಲೆ ಕಿತ್ತು ಬದುವಿನ ಮೇಲೆ ಎಸೆಯುವುದು ಬಿತ್ತನೆ ಮಾಡಿದ ಹಾಗೇ, ಎಸೆದ ಗಿಡದಲ್ಲೂ ಬೀಜ ಬಲಿಯುತ್ತದೆ. ಕೈಗೆ ಗ್ಲೌಸ್, ಮೈತುಂಬ ಬಟ್ಟೆ, ಮೂಗಿಗೆ ಟವೆಲ್ ಇಲ್ಲದೆ ಯಾರನ್ನೂ ಇಳಿಸಬೇಡಿ, ಕೂಲಿಯವರನ್ನಂತೂ ಇಳಿಸಲೇಬೇಡಿ. ಹೂ ಬಿಡುವ ಮುಂಚೆ ಕಿತ್ತದ್ದನ್ನು ನಾನು ಗುಂಡಿಗೆ ಹಾಕುತ್ತೇನೆ. ಒಂದು ಪದರ ಗಿಡ, ಮೇಲೆ ಸಗಣಿ ಬಗ್ಗಡ, ಮೇಲೆ ತೆಳ್ಳಗೆ ಮಣ್ಣು, ಹೀಗೆ ತುಂಬಿಸಿ ಮೇಲೆ ಕೆಸರು ಮೆತ್ತಿದರೆ ನಾಲ್ಕೈದು ತಿಂಗಳಿಗೆ ಒಳ್ಳೇ ಗೊಬ್ಬರ. ಉಪ್ಪುನೀರು ಹೊಡೆದರೆ ಸಾಯುತ್ತೆ ಅಂತ ವಾಟ್ಸಾಪಿನಲ್ಲಿ ವಿಡಿಯೊ ಓಡಾಡುತ್ತಿದೆ. ಸಾಯುತ್ತೆ, ಸುಳ್ಳಲ್ಲ. ಆದರೆ ನೂರು ಲೀಟರ್ ನೀರಿಗೆ ಹದಿನೈದು ಇಪ್ಪತ್ತು ಕೆಜಿ ಉಪ್ಪು ಕಲಸಿ ನಿಮ್ಮ ಬದುವಿಗೆ ಸುರಿಯುವುದು ಯಾವ ಜಾಣತನ? ಮಳೆ ಬಂದಾಗ ಅದು ಇಳಿಯುವುದು ನಿಮ್ಮ ಹೊಲಕ್ಕೇ.

ಮಳೆಗಾಲದಲ್ಲಿ ಗಿಡದ ಮೇಲೆ ಕೆನೆ ಬಣ್ಣದ ಬೆನ್ನು, ಅದರ ಮೇಲೆ ಕಂದು ಗೆರೆ ಇರುವ ಸಣ್ಣ ಜೀರುಂಡೆ ಕಂಡರೆ ಕೊಲ್ಲಬೇಡಿ. ಮೆಕ್ಸಿಕೊದಿಂದ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಯ ಸಂತಾನ ಅದು. ಪಾರ್ಥೇನಿಯಂ ಎಲೆಯೇ ಅದರ ಊಟ. ನಡುವೆ ಸೂರ್ಯಕಾಂತಿಯನ್ನೂ ತಿನ್ನುತ್ತೆ ಅಂತ ಗಲಾಟೆಯಾಗಿ ತನಿಖೆಯೂ ನಡೆದು, ಕೊನೆಗೆ ಭಯ ಬೇಡ ಅಂತಾಯಿತು. ಚಳಿ, ಒಣಹವೆಯಲ್ಲಿ ಮಣ್ಣೊಳಗೆ ಹೊಕ್ಕು ಮಲಗಿ, ಮುಂಗಾರಿಗೆ ಮೇಲೆ ಬರುತ್ತದೆ. ಅದೊಂದೇ ಸಾಕಾಗಲ್ಲ, ಅದು ಹೆಚ್ಚುವ ಹೊತ್ತಿಗೆ ಮೊದಲ ಬೆಳೆಯ ಹೂವು ಬಂದಿರುತ್ತದೆ. ಖಾಲಿ ಜಾಗಕ್ಕೆ ನನಗೆ ಹೆಚ್ಚು ನಂಬಿಕೆ ಇರುವುದು ನಮ್ಮ ತಗಚೆ ಗಿಡದ ಮೇಲೆ. ಹಿಂಗಾರಿನ ಹೊತ್ತಿಗೆ ಒಣಗಿದ ಕಾಯಿ ಬಿಡಿಸಿ ಬೀಜ ಇಟ್ಟುಕೊಂಡು, ಮುಂಗಾರಿಗೆ ಮುಂಚೆ ಎರಚಿದರೆ ಒತ್ತಾಗಿ ಬೆಳೆದು ಕಾಂಗ್ರೆಸ್‌ಗೆ ಜಾಗ ಬಿಡುವುದಿಲ್ಲ. ಪಂಪ್‌ಹೌಸ್ ಹಿಂದೆ ಹಾಕಿದ್ದೇನೆ.

ಇನ್ನು ಕಾನೂನಿನ ದಾರಿ. ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ಆದರೆ ಗಿಡದ ಕ್ಯಾಲೆಂಡರ್ ನೋಡಿಕೊಂಡು ಹೋಗಿ. ಅರ್ಜಿಯನ್ನು ಮಳೆ ಬಿದ್ದ ಮೇಲೆ ಬರೆಯಬೇಡಿ, ಏಪ್ರಿಲ್‌ನಲ್ಲೇ ಬರೆಯಿರಿ. ಹಿಂದಿನ ವರ್ಷದ ಫೋಟೊಗಳು ತಾರೀಖು, ಜಾಗದ ಗುರುತಿನ ಸಮೇತ ಫೋನಿನಲ್ಲಿ ಇರಲಿ. ರೈತ ಸಂಪರ್ಕ ಕೇಂದ್ರಕ್ಕೆ ಒಂದು ಪ್ರತಿ, ಪಂಚಾಯ್ತಿ ಪಿಡಿಒಗೆ ಒಂದು, ಎರಡಕ್ಕೂ ಸ್ವೀಕೃತಿ. ಒಬ್ಬರೇ ಕೊಡುವುದಕ್ಕಿಂತ ಸುತ್ತಲಿನ ಏಳೆಂಟು ಜನ ಸಹಿ ಹಾಕಿದ್ದಕ್ಕೆ ತೂಕ ಹೆಚ್ಚು. ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ, ನನ್ನ ಅರ್ಜಿಯ ಮೇಲೆ ಏನು ಕ್ರಮ ಆಯಿತು ಅಂತಷ್ಟೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಆಗಸ್ಟ್ 16ರಿಂದ 22ರವರೆಗೆ ದೇಶದಲ್ಲೆಲ್ಲ ಪಾರ್ಥೇನಿಯಂ ಜಾಗೃತಿ ಸಪ್ತಾಹ ಅಂತ ಮಾಡುತ್ತಾರೆ. ಭಾಷಣ, ಬ್ಯಾನರ್, ಸಾಂಕೇತಿಕವಾಗಿ ನಾಲ್ಕು ಗಿಡ ಕೀಳುವ ಫೋಟೊ. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಕಡೆ ಆ ಹೊತ್ತಿಗೆ ಮೊದಲ ತಲೆಮಾರು ಬೀಜ ಉದುರಿಸಿ ಆಗಿರುತ್ತದೆ. ಮುಂಗಾರು ಬೇಗ ಇಳಿಯುವ ಜಿಲ್ಲೆಗಳಿಗೆ ಇನ್ನೊಂದು ಸಪ್ತಾಹ ಜೂನ್‌ನಲ್ಲಿ ಇದ್ದರೆ ನಾನೇ ಮುಂದೆ ನಿಂತು ಬ್ಯಾನರ್ ಕಟ್ಟುತ್ತೇನೆ.

ಮತ್ತೆ, ಮೊದಲು ನಿಮ್ಮ ಪಂಪ್‌ಹೌಸ್ ಹಿಂದೆ ಒಂದು ಸಲ ನೋಡಿಕೊಂಡು ಅರ್ಜಿ ಬರೆಯಿರಿ.

ನೋಟಿಸ್ ವಿಷಯಕ್ಕೆ ಬಂದರೆ, ಅದು ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ತಲುಪಿತಂತೆ. ಒಂದು ಸಂಜೆ ಅಲ್ಲಿಂದ ಫೋನ್ ಬಂತು. ಜಗಳಕ್ಕೆ ರೆಡಿಯಾಗೇ ಎತ್ತಿದೆ. ಆ ಕಡೆಯವರು ನಿವೃತ್ತ ಮೇಷ್ಟರು, ಮಗಳ ಮದುವೆಗೆ ಆಗಲಿ ಅಂತ ಜಮೀನು ತೆಗೆದಿಟ್ಟವರು. "ಅದು ಏನೋ ಕಾಡು ಗಿಡ ಅಂದ್ಕೊಂಡಿದ್ದೆ ಕಣಪ್ಪ, ಕಾನೂನಿದೆ ಅಂತ ಗೊತ್ತಿರಲಿಲ್ಲ. ನಂಗೆ ಬರೋಕಾಗಲ್ಲ, ನೀವೇ ಯಾರನ್ನಾದರೂ ಬಿಟ್ಟು ಕೀಳಿಸಿ, ಕೂಲಿ ನಾನು ಕಳಿಸ್ತೀನಿ" ಅಂದರು. ನಾನು ನನ್ನ ಗೊಬ್ಬರದ ಗುಡ್ಡೆಯ ಕಥೆ ಹೇಳಿದೆ, ನಕ್ಕರು. ಗೇಟಿನ ಬೀಗದ ಕೈಯನ್ನು ಕೊರಿಯರ್ ಮಾಡಿದರು. ಹೋದ ವರ್ಷ ತಡವಾಗಿತ್ತು, ಹೂ ಬಿಟ್ಟದ್ದನ್ನೇ ಕೊಯ್ದು ಗುಡ್ಡೆ ಹಾಕಿ ಸುಟ್ಟೆವು. ಮಣ್ಣಿನೊಳಗೆ ಆರು ವರ್ಷದ ಬೀಜ ಇದೆ, ನಾಲ್ಕೈದು ಮಳೆಗಾಲ ಬಿಡದೆ ಕಿತ್ತರೆ ಒಂದು ಹದಕ್ಕೆ ಬಂದೀತು.

ಮೊನ್ನೆ ಶನಿವಾರ ಮೊದಲ ಮಳೆ ಆಯಿತು. ಬೇಲಿಯಾಚೆ ರೂಪಾಯಿ ನಾಣ್ಯದಗಲ ಸಸಿಗಳು ಎದ್ದಿವೆ. ನಾಳೆ ಬೆಳಿಗ್ಗೆ ಆರು ಜನ ಇಳಿಯುತ್ತಿದ್ದೇವೆ, ಎರಡು ದಿನದ ಕೆಲಸ. ಎಷ್ಟು ಕೂಲಿ ಆಯಿತು, ಎಷ್ಟು ಮತ್ತೆ ಮೊಳೆಯಿತು ಅಂತ ಆಗಸ್ಟ್‌ನಲ್ಲಿ ಬರೆಯುತ್ತೇನೆ. ಅಮ್ಮ ಬರಲ್ಲ, ಊಟ ಮಾತ್ರ ಅವರದ್ದೇ.